ಹಣ ಎಲ್ಲಿಂದ ಬಂತು? ಯಾವುದಕ್ಕೆ ಹೋಯಿತು? ಯಾವಾಗ ವಾಪಸು ಬರುತ್ತದೆ?



ಆರು ತಿಂಗಳ ಹಿಂದೆ ನಮ್ಮ ಒಕ್ಕೂಟದ ಸಭೆಯಲ್ಲಿ ಉಳಿತಾಯದ ಬಗ್ಗೆ ಮಾಹಿತಿ ಕೊಡುತ್ತಾ, "ನಿಮ್ಮ ಉಳಿತಾಯ ನಿಮ್ಮ ಮನೆಗೆ ಮಾತ್ರವಲ್ಲ, ದೇಶದ ಅಭಿವೃದ್ಧಿಗೂ ಸಹಾಯವಾಗುತ್ತದೆ" ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸದಸ್ಯೆಯೊಬ್ಬರು ಎದ್ದು ನಿಂತರು. "ಸಿಸ್ಟರ್, ಈ ಮಾತು ಹತ್ತು ವರ್ಷದಿಂದ ಕೇಳ್ತಾ ಇದ್ದೇನೆ. ನಾನು ವಾರಕ್ಕೆ ಐವತ್ತು ರೂಪಾಯಿ ಕಟ್ಟಿದ್ರೆ ದೇಶ ಹೇಗೆ ಉದ್ಧಾರ ಆಗ್ತದೆ? ನನ್ನ ಮನೆಯೇ ಉದ್ಧಾರ ಆಗ್ಲಿಲ್ಲ. ನಾಲ್ಕು ಕಡೆ ಸಾಲ ಇದೆ" ಅಂದರು.

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಹಣ ಉಳಿಸಿ, ಸಾಲ ಪಡೆದು ಮೇಲೆ ಬಂದ ದೇಶಗಳಿವೆ. ಸಾಲ ಪಡೆದು ಬಿದ್ದ ದೇಶಗಳೂ ಇವೆ. ನಮ್ಮ ಏಷ್ಯಾ ಖಂಡದಲ್ಲಿಯೇ ಎರಡಕ್ಕೂ ಉದಾಹರಣೆ ಇದೆ. ಆ ದಿನ ನಾನು ಅರ್ಧಂಬರ್ಧ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ನಂತರ ಚರ್ಚೆ ಮಾಡಿ.

ಹಣಕಾಸು ಮಾಡುವ ಕೆಲಸ ಏನು?

ನಮ್ಮ ಊರಿನ ಕೆರೆಯನ್ನು ನೆನಪು ಮಾಡಿಕೊಳ್ಳಿ. ಮಳೆ ಬರುವುದು ಕೆಲವೇ ತಿಂಗಳು. ಬೆಳೆಗೆ ನೀರು ಬೇಕಾಗುವುದು ಮಳೆ ನಿಂತ ಮೇಲೂ. ಕೆರೆ ಹನಿ ಹನಿ ನೀರನ್ನು ಕೂಡಿಸಿ ಇಡುತ್ತದೆ. ಬೇಕಾದಾಗ ತೂಬು ಎತ್ತಿದರೆ ಕಾಲುವೆಯಲ್ಲಿ ಹರಿದು ಗದ್ದೆಗೆ ಹೋಗುತ್ತದೆ. ಬ್ಯಾಂಕು, ಸಹಕಾರ ಸಂಘ, ನಮ್ಮ ಸ್ವಸಹಾಯ ಸಂಘ ಮಾಡುವುದೂ ಇದೇ ಕೆಲಸ. ಇಂದು ಖರ್ಚಿಗೆ ಬೇಡದ ಹಣವನ್ನು ಒಬ್ಬರಿಂದ ಕೂಡಿಸಿ, ಇಂದು ದುಡಿಮೆಗೆ ಬೇಕಾದವರಿಗೆ ಹರಿಸುವುದು.

ಒಂದು ಹೊಲಿಗೆ ಯಂತ್ರದ ಲೆಕ್ಕ ನೋಡೋಣ. ಹೊಲಿಗೆ ಕಲಿತ ಹುಡುಗಿಯ ಹತ್ತಿರ ಯಂತ್ರಕ್ಕೆ ಹಣವಿಲ್ಲ. ತಾನೇ ಉಳಿಸಿ ಕೊಳ್ಳಬೇಕೆಂದರೆ ಎರಡು ವರ್ಷ ಬೇಕು. ಸಂಘ ಇಂದೇ ಸಾಲ ಕೊಟ್ಟರೆ ಆ ಎರಡು ವರ್ಷವೂ ಅವಳು ದುಡಿಯುತ್ತಾಳೆ. ದುಡಿದದ್ದರಲ್ಲಿ ಸಾಲವೂ ತೀರುತ್ತದೆ, ಯಂತ್ರವೂ ಉಳಿಯುತ್ತದೆ. ಆದರೆ ಆ ಊರಲ್ಲಿ ಹೊಲಿಸುವವರೇ ಇಲ್ಲದಿದ್ದರೆ? ಯಂತ್ರ ಮೂಲೆಯಲ್ಲಿ ಧೂಳು ಹಿಡಿಯುತ್ತದೆ, ಕಂತು ಮಾತ್ರ ತಪ್ಪದೆ ಬರುತ್ತದೆ. ಸಾಲ ತಾನಾಗಿ ಸಂಪತ್ತನ್ನು ಹುಟ್ಟಿಸುವುದಿಲ್ಲ. ನಾಳೆ ಆಗಬಹುದಾದ ದುಡಿಮೆಯನ್ನು ಇಂದೇ ಶುರು ಮಾಡಿಸುತ್ತದೆ, ಅಷ್ಟೇ. ದುಡಿಮೆ ಇರಲೇಬೇಕು.

ಇದು ಮನೆಯ ಲೆಕ್ಕ. ದೇಶದ ಲೆಕ್ಕವೂ ಬೇರೆಯಲ್ಲ. ಸೊನ್ನೆಗಳು ಜಾಸ್ತಿ, ಅಷ್ಟೇ ವ್ಯತ್ಯಾಸ.

ದಕ್ಷಿಣ ಕೊರಿಯಾ: ಉಳಿತಾಯದಿಂದ ಕಾರ್ಖಾನೆಗೆ

ದಕ್ಷಿಣ ಕೊರಿಯಾ ಎಂದರೆ ಇಂದು ನಮಗೆ ಮೊಬೈಲು, ಟಿವಿ, ಕಾರು ನೆನಪಾಗುತ್ತದೆ. ಆದರೆ 1953ರಲ್ಲಿ ಯುದ್ಧ ನಿಂತಾಗ ಆ ದೇಶ ಬೂದಿಯಾಗಿತ್ತು. 1960ರ ಸುಮಾರಿಗೆ ಅಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ವರ್ಷದ ಆದಾಯ ನೂರು ಡಾಲರಿಗಿಂತ ಕಡಿಮೆ. ಬ್ಯಾಂಕಿನಲ್ಲಿ ಸಾಮಾನ್ಯ ಜನರಿಗೆ ಸಾಲ ಸಿಗುತ್ತಿರಲಿಲ್ಲ. ಹೆಂಗಸರು 'ಕ್ಯೆ' ಎಂಬ ಗುಂಪುಗಳಲ್ಲಿ ಹಣ ಹಾಕುತ್ತಿದ್ದರು. ನಮ್ಮ ಚೀಟಿಯ ಹಾಗೆಯೇ: ತಿಂಗಳಿಗೆ ಎಲ್ಲರೂ ಹಾಕುವುದು, ಸರದಿಯಂತೆ ಒಬ್ಬರು ಎತ್ತಿಕೊಳ್ಳುವುದು. ಹೊರಗೆ ಸಾಲ ಬೇಕಾದರೆ ಲೇವಾದೇವಿಯವರ ಹತ್ತಿರ ಹೋಗಬೇಕಿತ್ತು.

1960ರಲ್ಲಿ ಬುಸಾನ್ ಎಂಬ ಬಂದರು ನಗರದಲ್ಲಿ ಮೇರಿನೋಲ್ ಸಭೆಯ ಧರ್ಮಭಗಿನಿ ಸಿಸ್ಟರ್ ಮೇರಿ ಗೇಬ್ರಿಯೆಲಾ ಮಲ್‌ಹೆರಿನ್ ಅವರು 27 ಸದಸ್ಯರನ್ನು ಕೂಡಿಸಿ ಒಂದು ಸಾಲ ಸಹಕಾರ ಸಂಘ ಆರಂಭಿಸಿದರು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ವಿಧವೆಯರ ನಡುವೆ ಕೆಲಸ ಮಾಡಿದವರು ಅವರು. ದಾನ ಕೊಟ್ಟರೆ ತಿಂದು ಮುಗಿಯುತ್ತದೆ, ತಮ್ಮದೇ ಹಣ ಕೂಡಿಸಿ ತಾವೇ ಸಾಲ ಕೊಟ್ಟುಕೊಂಡರೆ ನಿಲ್ಲುತ್ತದೆ ಎಂಬ ನಂಬಿಕೆ ಈ ಕೆಲಸದ ಹಿಂದೆ ಇತ್ತು. ಕೊರಿಯಾದ ಸಾಲ ಸಹಕಾರ ಚಳುವಳಿಗೆ ಅದೇ ಮೊದಲ ಸಂಘ. ಮುಂದೆ ಅದು ಲಕ್ಷಾಂತರ ಸದಸ್ಯರಿಗೆ ಬೆಳೆಯಿತು.

ಇತ್ತ ಸರ್ಕಾರವೂ ಒಂದು ಕೆಲಸ ಮಾಡಿತು. ಬೆಲೆ ಏರಿಕೆ ಜೋರಾಗಿದ್ದುದರಿಂದ ಬ್ಯಾಂಕಿನಲ್ಲಿಟ್ಟ ಹಣದ ಬೆಲೆ ಕರಗುತ್ತಿತ್ತು, ಜನ ಬ್ಯಾಂಕಿನ ಕಡೆ ತಲೆ ಹಾಕುತ್ತಿರಲಿಲ್ಲ. 1965ರ ಸೆಪ್ಟೆಂಬರಿನಲ್ಲಿ ದೀರ್ಘಾವಧಿ ಠೇವಣಿಯ ಬಡ್ಡಿಯನ್ನು ಶೇ. 30ರವರೆಗೂ ಏರಿಸಿದರು. ಹಾಸಿಗೆಯ ಅಡಿಯಲ್ಲಿ, ಚೀಟಿಯಲ್ಲಿ ಇದ್ದ ಹಣ ಬ್ಯಾಂಕಿಗೆ ಬಂತು. ಆಗ ಬ್ಯಾಂಕುಗಳು ಸರ್ಕಾರದ ಹಿಡಿತದಲ್ಲಿದ್ದವು. ಆ ಹಣವನ್ನು ಸರ್ಕಾರ ಯಾರಿಗೆ ಕೊಡಿಸಿತು? ಹೊರದೇಶಕ್ಕೆ ಸರಕು ಮಾರುವವರಿಗೆ. ವಿದೇಶದಿಂದ ಆರ್ಡರ್ ತಂದು ತೋರಿಸಿದವರಿಗೆ ಕಡಿಮೆ ಬಡ್ಡಿಯ ಸಾಲ. ಮಾರಿ ತೋರಿಸದಿದ್ದರೆ ಮುಂದಿನ ಸಾಲ ಕಷ್ಟ. 1964ರಲ್ಲಿ ಕೊರಿಯಾದ ರಫ್ತು 10 ಕೋಟಿ ಡಾಲರ್ ಮುಟ್ಟಿತು. 1977ರಲ್ಲಿ ಅದು 1,000 ಕೋಟಿ ಡಾಲರ್. ಹದಿಮೂರು ವರ್ಷದಲ್ಲಿ ನೂರು ಪಟ್ಟು!

ಇದರ ಹಿಂದೆ ಕಣ್ಣೀರೂ ಇದೆ. ಬಟ್ಟೆ, ವಿಗ್ಗು, ಶೂ ಕಾರ್ಖಾನೆಗಳಲ್ಲಿ ದುಡಿದವರು ಹೆಚ್ಚಾಗಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಸಂಬಳ ಕಡಿಮೆ, ದುಡಿಮೆಯ ಗಂಟೆ ಜಾಸ್ತಿ. ಅಗ್ಗದ ಸಾಲದ ದೊಡ್ಡ ಪಾಲು ಕೆಲವೇ ದೊಡ್ಡ ಮನೆತನಗಳ ಕಂಪನಿಗಳಿಗೆ ಹೋಯಿತು. ಅಭಿವೃದ್ಧಿಯ ಕಥೆ ಹೇಳುವಾಗ ಇದನ್ನೂ ಹೇಳಬೇಕು.

ಬಾಂಗ್ಲಾದೇಶ: ಎರಡು ರೀತಿಯ ಸಾಲ

ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಕಥೆಯನ್ನು ನಿಮ್ಮಲ್ಲಿ ಹಲವರು ತರಬೇತಿಯಲ್ಲಿ ಕೇಳಿದ್ದೀರಿ. 1976ರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕ ಮುಹಮ್ಮದ್ ಯೂನುಸ್ ಅವರು ಜೋಬ್ರಾ ಎಂಬ ಹಳ್ಳಿಯಲ್ಲಿ ವ್ಯಾಪಾರಿಗಳ ಸಾಲದಲ್ಲಿ ಸಿಕ್ಕಿಬಿದ್ದಿದ್ದ 42 ಮಂದಿಯ ಲೆಕ್ಕ ಕೂಡಿಸಿ ನೋಡಿದರು. ಎಲ್ಲರದ್ದೂ ಸೇರಿ ಕೇವಲ 856 ಟಾಕಾ. ಆಗಿನ ಲೆಕ್ಕದಲ್ಲಿ 27 ಡಾಲರ್. ಅಷ್ಟು ಸಣ್ಣ ಹಣಕ್ಕಾಗಿ ಬಿದಿರಿನ ಮೊಡ್ಡೆ ಹೆಣೆಯುವ ಹೆಂಗಸರು ತಮ್ಮ ಕೆಲಸವನ್ನು ವ್ಯಾಪಾರಿ ಹೇಳಿದ ಬೆಲೆಗೇ ಕೊಡಬೇಕಿತ್ತು. ಅವರು ತಮ್ಮ ಕೈಯಿಂದಲೇ ಆ ಹಣ ಕೊಟ್ಟರು. ಅದೇ ಬೆಳೆದು 1983ರಲ್ಲಿ ಬ್ಯಾಂಕ್ ಆಯಿತು. 2006ರಲ್ಲಿ ಯೂನುಸ್ ಮತ್ತು ಬ್ಯಾಂಕಿಗೆ ಒಟ್ಟಾಗಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆದರೆ ಬಾಂಗ್ಲಾದೇಶದ ಇನ್ನೊಂದು ಸಾಲದ ಕಥೆ ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ 130 ಮಂದಿಯನ್ನು ಸಿದ್ಧ ಉಡುಪಿನ ಕೆಲಸ ಕಲಿಯಲು ಕೊರಿಯಾದ ಅದೇ ಬುಸಾನ್ ನಗರಕ್ಕೆ ಕಳುಹಿಸಿತು. ಅವರಲ್ಲಿ ಮಹಿಳೆಯರೂ ಇದ್ದರು. ಹಿಂದಿರುಗಿದ ಮೇಲೆ ಅವರಲ್ಲಿ ಬಹಳ ಮಂದಿ ಬೇರೆ ಕಾರ್ಖಾನೆಗಳನ್ನು ತೆರೆದರು, ಅಥವಾ ಅಲ್ಲಿಗೆ ಸೇರಿದರು. ಕೆಲಸವೇನೋ ಬಂತು, ಆದರೆ ಬಟ್ಟೆ ಕೊಳ್ಳಲು ಹಣ? ಬಟ್ಟೆ ಹೊರದೇಶದಿಂದ ಬರಬೇಕು, ಅದಕ್ಕೆ ಡಾಲರ್ ಬೇಕು.

ಇದಕ್ಕೆ ಬ್ಯಾಂಕುಗಳು ಒಂದು ದಾರಿ ಮಾಡಿದವು. ಅಂಗಿ ಕೊಳ್ಳುವ ವಿದೇಶಿ ವ್ಯಾಪಾರಿಯ ಬ್ಯಾಂಕು, "ಸರಕು ಕಳುಹಿಸಿದರೆ ಹಣ ಕೊಡುತ್ತೇವೆ" ಎಂದು ಭರವಸೆ ಪತ್ರ ಕೊಡುತ್ತದೆ. ಆ ಪತ್ರದ ಬೆನ್ನಿಗೆ ಢಾಕಾದ ಬ್ಯಾಂಕು ಬಟ್ಟೆ ಮಾರುವವನಿಗೆ ಇನ್ನೊಂದು ಭರವಸೆ ಪತ್ರ ಕೊಡುತ್ತದೆ. ಬಟ್ಟೆ ಬರುತ್ತದೆ, ಅಂಗಿ ಹೊಲಿಯುತ್ತಾರೆ, ಕಳುಹಿಸುತ್ತಾರೆ. ಹಣ ಬಂದ ಮೇಲೆ ಬಟ್ಟೆಯ ಬಾಕಿ ತೀರುತ್ತದೆ. ಮಾಲೀಕ ಬಟ್ಟೆಗಾಗಿ ಮೊದಲು ಕೈಯಿಂದ ಹಣ ಹಾಕಬೇಕಾಗಿಲ್ಲ. ನೋಡಿ, ಇಲ್ಲಿ ಸಾಲ ಶುರುವಾಗುವುದಕ್ಕೆ ಮೊದಲೇ ಮಾರಾಟ ಗೊತ್ತಾಗಿದೆ. ಸಾಲ ತೀರುವ ದಿನವೂ ಹಣ ಬರುವ ದಿನವೂ ಒಂದೇ. ಈ ದಾರಿಯಲ್ಲಿ ಬೆಳೆದ ಉಡುಪು ಉದ್ಯಮ ಇಂದು ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕಿಂತ ಹೆಚ್ಚು. ಲಕ್ಷಾಂತರ ಹೆಣ್ಣುಮಕ್ಕಳು ಮೊದಲ ಬಾರಿ ತಿಂಗಳ ಸಂಬಳ ಕಂಡರು.

ಇಲ್ಲಿಯೂ ಕೊರತೆ ಇದೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಹೊಲಿಗೆಯವರನ್ನು ಒಳಗೆ ಕಳುಹಿಸಿದರು. ಹಣ ಆರ್ಡರ್ ನೋಡುತ್ತದೆ, ಗಡುವು ನೋಡುತ್ತದೆ. ಗೋಡೆಯ ಬಿರುಕು ನೋಡಲು ಕಾನೂನು ಬೇಕು, ಕಾರ್ಮಿಕರ ಸಂಘಟನೆ ಬೇಕು.

ಇಂಡೋನೇಷ್ಯಾ: ಸೋತು ಗೆದ್ದ ಹಳ್ಳಿ ಬ್ಯಾಂಕು

ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇಂಡೋನೇಷ್ಯಾದ ಕಥೆ. ಅಲ್ಲಿಯೂ ಹೆಂಗಸರ ಚೀಟಿ ಇದೆ, ಹೆಸರು 'ಅರಿಸಾನ್'. ಅಲ್ಲಿನ ಸರ್ಕಾರಿ ಬ್ಯಾಂಕು 'ಬ್ಯಾಂಕ್ ರಾಕ್ಯತ್ ಇಂಡೋನೇಷ್ಯಾ', ಅಂದರೆ ಜನರ ಬ್ಯಾಂಕ್. 1970ರ ದಶಕದಲ್ಲಿ ಭತ್ತದ ಬೆಳೆ ಹೆಚ್ಚಿಸಲು ಸರ್ಕಾರ ಈ ಬ್ಯಾಂಕಿನ ಮೂಲಕ ಹಳ್ಳಿಗಳಲ್ಲಿ ಸಾವಿರಾರು ಸಣ್ಣ ಶಾಖೆಗಳನ್ನು ತೆರೆಯಿತು. ಬೀಜ, ಗೊಬ್ಬರಕ್ಕೆ ಕಡಿಮೆ ಬಡ್ಡಿಯ ಸಾಲ. ಹಣ ಸರ್ಕಾರದ್ದು. ಯಾರಿಗೆ ಸಾಲ ಕೊಡಬೇಕು ಎಂದು ತೀರ್ಮಾನಿಸುವವರು ಬೇರೆ, ವಸೂಲಿ ಮಾಡುವ ಹೊಣೆ ಬ್ಯಾಂಕಿನದ್ದು. ಜನ ಏನು ತಿಳಿದರು? "ಇದು ಸರ್ಕಾರದ ದುಡ್ಡು, ಕಟ್ಟದಿದ್ದರೂ ನಡೀತದೆ." ನಮ್ಮಲ್ಲಿಯೂ ಈ ಮಾತು ಕೇಳಿದ್ದೇವೆ ಅಲ್ವಾ? 1980ರ ದಶಕದ ಆರಂಭಕ್ಕೆ ಬಾಕಿ ಬೆಟ್ಟದಷ್ಟಾಯಿತು. ಶಾಖೆಗಳನ್ನು ಮುಚ್ಚಬೇಕೋ ಬೇಡವೋ ಎಂಬ ಪ್ರಶ್ನೆ ಬಂತು.

ಮುಚ್ಚಲಿಲ್ಲ. ರೀತಿಯನ್ನು ಬದಲಾಯಿಸಿದರು. 1984ರಲ್ಲಿ 'ಕುಪೆಡೆಸ್' ಎಂಬ ಹೊಸ ಸಾಲ ತಂದರು. ಭತ್ತಕ್ಕೆ ಮಾತ್ರವಲ್ಲ, ಅಂಗಡಿ, ಮೀನು ವ್ಯಾಪಾರ, ತೋಫು ತಯಾರಿ, ಯಾವ ಲಾಭದ ಕೆಲಸಕ್ಕೂ ಸಿಗುವ ಸಾಲ. ಬಡ್ಡಿ ಕಡಿಮೆಯೇನಲ್ಲ. ಆರಂಭದಲ್ಲಿ ತಿಂಗಳಿಗೆ ಶೇ. 1.5, ಅದೂ ಮೊದಲು ಪಡೆದ ಪೂರ್ತಿ ಅಸಲಿನ ಮೇಲೆ. ಇದಲ್ಲದೆ ಶೇ. 0.5 ಹೆಚ್ಚು ಹಿಡಿದಿಟ್ಟುಕೊಂಡು, ಕಂತು ತಪ್ಪದೆ ಕಟ್ಟಿದವರಿಗೆ ವಾಪಸು ಕೊಡುತ್ತಿದ್ದರು. ಕಟ್ಟಿದವನಿಗೆ ಬಹುಮಾನ, ಜೊತೆಗೆ ಮುಂದಿನ ಸಲ ಹೆಚ್ಚಿನ ಸಾಲ. ಜಾಮೀನು ಕೇಳುತ್ತಿದ್ದರು, ಆದರೆ ಅದಕ್ಕಿಂತ ಮುಖ್ಯವಾಗಿ ಬ್ಯಾಂಕಿನವರು ಮನೆಗೆ ಹೋಗಿ ಇಡೀ ಮನೆಯ ಆದಾಯ-ಖರ್ಚು ನೋಡುತ್ತಿದ್ದರು. ತಿಂಗಳ ಆದಾಯ ಇದ್ದವರಿಗೆ ತಿಂಗಳ ಕಂತು, ಬೆಳೆಯನ್ನೇ ನಂಬಿದವರಿಗೆ ಸುಗ್ಗಿಗೆ ಹೊಂದುವ ಕಂತು.

1986ರಲ್ಲಿ ದೇಶದ ಎಲ್ಲೆಡೆ 'ಸಿಂಪೆಡೆಸ್' ಎಂಬ ಉಳಿತಾಯ ಖಾತೆ ಬಂತು. ಎಷ್ಟು ಬಾರಿ ಬೇಕಾದರೂ ಹಣ ತೆಗೆಯಬಹುದು. ಉಳಿಸಿದವರಿಗೆ ಲಾಟರಿ ಎತ್ತಿ ಬಹುಮಾನ. ಅದಕ್ಕೆ ಮೊದಲು, "ಹಳ್ಳಿಯ ಬಡವರು ಉಳಿಸುವುದೆಲ್ಲಿ?" ಎಂದು ದೊಡ್ಡವರು ಹೇಳುತ್ತಿದ್ದರು. ಬಡವರು ಉಳಿಸುತ್ತಲೇ ಇದ್ದರು. ಅಕ್ಕಿಯಲ್ಲಿ, ಆಡಿನಲ್ಲಿ, ಒಡವೆಯಲ್ಲಿ. ಹತ್ತಿರದಲ್ಲಿ ಭದ್ರವಾದ ಜಾಗ ಇರಲಿಲ್ಲ, ಅಷ್ಟೇ. ಕೆಲವೇ ವರ್ಷಗಳಲ್ಲಿ ಈ ಶಾಖೆಗಳ ಉಳಿತಾಯ ಅವು ಕೊಟ್ಟ ಸಾಲಕ್ಕಿಂತ ಹೆಚ್ಚಾಯಿತು. ಸರ್ಕಾರದ ಹಣ ಬೇಕಾಗಲಿಲ್ಲ. 1996ರ ಕೊನೆಗೆ ಸುಮಾರು 1.6 ಕೋಟಿ ಉಳಿತಾಯ ಖಾತೆ, ಸುಮಾರು 25 ಲಕ್ಷ ಸಾಲಗಾರರು.

ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ. ಒಬ್ಬಳ ಐವತ್ತು ರೂಪಾಯಿಯಿಂದ ದೇಶ ಉದ್ಧಾರವಾಗುವುದಿಲ್ಲ. ಆದರೆ ಕೋಟಿ ಮಂದಿಯ ಐವತ್ತು ರೂಪಾಯಿ ಒಂದು ಕಡೆ ಕೂಡಿ, ಅದೇ ಊರಿನ ಮೀನು ಮಾರುವವಳಿಗೆ, ಅಂಗಡಿಯವಳಿಗೆ ಸಾಲವಾಗಿ ಹೋದರೆ ಹಳ್ಳಿಯ ವ್ಯಾಪಾರ ನಿಲ್ಲದೆ ನಡೆಯುತ್ತದೆ. ಉಳಿದರ್ಧ ಉತ್ತರಕ್ಕೆ 1997ಕ್ಕೆ ಬರಬೇಕು.

1997: ಕಟ್ಟೆ ಒಡೆದ ವರ್ಷ

ಆ ಹೊತ್ತಿಗೆ ಥಾಯ್ಲೆಂಡ್, ಇಂಡೋನೇಷ್ಯಾ, ಕೊರಿಯಾ ಬೇಗ ಬೇಗ ಬೆಳೆಯುತ್ತಿದ್ದವು. ಹೊರದೇಶದ ಬ್ಯಾಂಕುಗಳು ನಾ ಮುಂದು ತಾ ಮುಂದು ಎಂದು ಡಾಲರ್ ಸಾಲ ಕೊಟ್ಟವು. ಡಾಲರ್ ಸಾಲಕ್ಕೆ ಬಡ್ಡಿ ಕಡಿಮೆ. ಥಾಯ್ಲೆಂಡಿನ ಹಣಕಾಸು ಕಂಪನಿಗಳು ಆ ಹಣ ತಂದು ಬ್ಯಾಂಕಾಕ್ ನಗರದಲ್ಲಿ ಬಹುಮಹಡಿ ಕಟ್ಟಡ ಕಟ್ಟುವವರಿಗೆ ಕೊಟ್ಟವು. ಸಾಲ ತೀರಿಸಬೇಕಾದದ್ದು ಕೆಲವೇ ತಿಂಗಳಲ್ಲಿ, ಕಟ್ಟಡದಿಂದ ಬಾಡಿಗೆ ಬರುವುದು ವರ್ಷಗಳ ನಂತರ. ಸಾಲ ಡಾಲರಿನಲ್ಲಿ, ಬಾಡಿಗೆ ಅಲ್ಲಿನ ನಾಣ್ಯ ಬಾಟ್‌ನಲ್ಲಿ. ಪ್ರತಿ ಸಲ ಗಡುವು ಬಂದಾಗ ಹೊಸ ಸಾಲ ಮಾಡಿ ಹಳೆಯದನ್ನು ಮುಂದೂಡುತ್ತಿದ್ದರು.

ಕಟ್ಟಡಗಳು ಖಾಲಿ ಉಳಿದವು. ರಫ್ತು ನಿಧಾನವಾಯಿತು. ಕೊಟ್ಟವರಿಗೆ ಹೆದರಿಕೆ ಹತ್ತಿತು, ಹಣ ವಾಪಸು ಕೇಳಿದರು. 1997ರ ಜುಲೈ 2ರಂದು ಥಾಯ್ ಸರ್ಕಾರ ಬಾಟ್‌ನ ಬೆಲೆ ಹಿಡಿದಿಡಲಾಗದೆ ಕೈ ಬಿಟ್ಟಿತು. ಒಂದು ಡಾಲರಿಗೆ 25 ಬಾಟ್ ಇದ್ದದ್ದು 1998ರ ಜನವರಿಗೆ 50 ದಾಟಿತು. ಅಂದರೆ ಯಾರೂ ಒಂದು ಪೈಸೆ ಹೊಸ ಸಾಲ ಮಾಡದಿದ್ದರೂ ಸಾಲ ಎರಡು ಪಟ್ಟು! 56 ಹಣಕಾಸು ಕಂಪನಿಗಳು ಮುಚ್ಚಿಹೋದವು.

ಬೆಂಕಿ ಇಂಡೋನೇಷ್ಯಾಕ್ಕೂ ಹಬ್ಬಿತು. 1997ರ ನವೆಂಬರಿನಲ್ಲಿ 16 ಬ್ಯಾಂಕುಗಳನ್ನು ಮುಚ್ಚಿದರು. ಜನ ಉಳಿದ ಬ್ಯಾಂಕುಗಳ ಮುಂದೆ ಸಾಲುಗಟ್ಟಿದರು. ಒಂದು ಡಾಲರಿಗೆ ಸುಮಾರು 2,400 ರೂಪಿಯಾ ಇದ್ದದ್ದು 1998ರ ಜನವರಿಯಲ್ಲಿ 10,000 ದಾಟಿತು. ಅಕ್ಕಿ, ಎಣ್ಣೆಯ ಬೆಲೆ ಕೈಗೆಟುಕಲಿಲ್ಲ. ಗಲಭೆಯಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಆಳಿದ ಸುಹಾರ್ತೊ 1998ರ ಮೇ 21ರಂದು ರಾಜೀನಾಮೆ ಕೊಟ್ಟರು. ಆ ಒಂದೇ ವರ್ಷ ದೇಶದ ಉತ್ಪಾದನೆ ಸುಮಾರು ಶೇ. 13ರಷ್ಟು ಕುಸಿಯಿತು.

ಕೊರಿಯಾ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈ ಚಾಚಬೇಕಾಯಿತು. 1998ರ ಜನವರಿಯಲ್ಲಿ ಅಲ್ಲಿನ ಜನ ಮನೆಯ ಚಿನ್ನ ತಂದು ದೇಶಕ್ಕೆ ಕೊಡಲು ಸಾಲು ನಿಂತರು. ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರ. ಸುಮಾರು 35 ಲಕ್ಷ ಮಂದಿಯಿಂದ 220 ಟನ್‌ಗೂ ಹೆಚ್ಚು ಚಿನ್ನ ಕೂಡಿತು. ನಿಧಿಯ ಸಾಲವನ್ನು 2001ರ ಆಗಸ್ಟಿನಲ್ಲಿ ತೀರಿಸಿಬಿಟ್ಟರು. ಆದರೆ ಈ ಮಧ್ಯೆ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಹಲವು ಕಡೆ ಮೊದಲು ಮನೆಗೆ ಕಳುಹಿಸಿದ್ದು ಹೆಂಗಸರನ್ನು. ದೊಡ್ಡವರು ಮಾಡಿದ ಸಾಲಕ್ಕೆ ಉಂಗುರ ಕೊಟ್ಟವರು, ಕೆಲಸ ಬಿಟ್ಟವರು ಸಣ್ಣವರು.

ಈಗ ಮುಖ್ಯ ವಿಷಯ. ಇಂಡೋನೇಷ್ಯಾದಲ್ಲಿ ದೊಡ್ಡ ಕಂಪನಿಗಳ ಸಾಲ ಮುಳುಗಿ, ಜನರ ಬ್ಯಾಂಕಿನ ದೊಡ್ಡ ಸಾಲದ ವಿಭಾಗವೂ ನಷ್ಟದಲ್ಲಿ ಬಿತ್ತು. ಆದರೆ ಅದೇ ಬ್ಯಾಂಕಿನ ಹಳ್ಳಿ ಶಾಖೆಗಳು ನಿಂತವು. ಸಣ್ಣ ಸಾಲಗಾರರಲ್ಲಿ ಬಹುಪಾಲು ಮಂದಿ ಕಂತು ತಪ್ಪಿಸಲಿಲ್ಲ. ಉಳಿತಾಯ ಕಡಿಮೆಯಾಗುವ ಬದಲು ಹೆಚ್ಚಾಯಿತು. ಖಾಸಗಿ ಬ್ಯಾಂಕಿನಿಂದ ತೆಗೆದ ಹಣವನ್ನು ಜನ ಇಲ್ಲಿ ತಂದಿಟ್ಟರು.

ಯಾಕೆ ಹೀಗಾಯಿತು?

ಹಳ್ಳಿಯ ಹೆಂಗಸರು ಪ್ರಾಮಾಣಿಕರು, ಪಟ್ಟಣದ ಸಾಹುಕಾರರು ಮೋಸಗಾರರು ಎಂದು ಹೇಳಿ ಮುಗಿಸಬಹುದು. ಅದು ಪೂರ್ತಿ ಉತ್ತರವಲ್ಲ. ಮೂರು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ.

ಒಂದು: ಹಣ ಎಲ್ಲಿಂದ ಬಂತು? ಹಳ್ಳಿ ಶಾಖೆಯ ಹಣ ಆ ಊರಿನ ಉಳಿತಾಯ. ಹೆದರಿ ಓಡಿಹೋಗುವ ಹೊರಗಿನ ಹಣವಲ್ಲ. ಬ್ಯಾಂಕಾಕಿನ ಕಟ್ಟಡಗಳ ಹಣ ಹೊರಗಿನದ್ದು. ಬಂದಷ್ಟೇ ಬೇಗ ಹೋಯಿತು.

ಎರಡು: ಯಾವುದಕ್ಕೆ ಹೋಯಿತು? ಹಳ್ಳಿ ಸಾಲ ಹೋದದ್ದು ಮೀನು, ಅಕ್ಕಿ, ತರಕಾರಿ, ಸಣ್ಣ ಅಂಗಡಿಗೆ. ದೇಶ ಮುಳುಗಿದರೂ ಜನ ಊಟ ಮಾಡಲೇಬೇಕು. ಖಾಲಿ ಕಟ್ಟಡ ಯಾರಿಗೂ ಊಟ ಹಾಕಲಿಲ್ಲ.

ಮೂರು: ಯಾವಾಗ ವಾಪಸು ಬರುತ್ತದೆ? ಹಳ್ಳಿಯಲ್ಲಿ ಕಂತಿನ ದಿನವೂ ಆದಾಯದ ದಿನವೂ ಹೊಂದಿಕೊಂಡಿದ್ದವು. ಸಾಲವೂ ರೂಪಿಯಾದಲ್ಲಿ, ಆದಾಯವೂ ರೂಪಿಯಾದಲ್ಲಿ. ಬ್ಯಾಂಕಾಕಿನಲ್ಲಿ ದಿನವೂ ಹೊಂದಲಿಲ್ಲ, ನಾಣ್ಯವೂ ಹೊಂದಲಿಲ್ಲ.

ಸಾಲ ದೇಶವನ್ನು ಮೇಲೆತ್ತುವುದೂ ಕೆಳಗೆ ಕೆಡವುವುದೂ ಈ ಮೂರರಿಂದ. ಮನೆಯೂ ಹಾಗೆಯೇ.

ನಮ್ಮ ಸಂಘಗಳು ಹುಟ್ಟಿದ್ದು ಹೀಗೆ

ನಾವು ಇಂದು ಸಾಮಾನ್ಯ ಎಂದು ತಿಳಿದಿರುವ ಸಂಘದ ಪದ್ಧತಿಗೆ ನಮ್ಮ ಕರ್ನಾಟಕವೇ ಒಂದು ತವರು. 1984-85ರ ಸುಮಾರಿಗೆ ಮೈರಾಡ ಸಂಸ್ಥೆ ನಡೆಸುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, "ದೊಡ್ಡ ಸಂಘದ ಮೇಲೆ ನಮಗೆ ನಂಬಿಕೆ ಇಲ್ಲ. ಸಾಲದ ಹಣವನ್ನು ನಮ್ಮ ಗುಂಪಿಗೇ ಕಟ್ಟುತ್ತೇವೆ" ಎಂದರು. ಆ ಗುಂಪುಗಳೇ ಮುಂದೆ ಮಾದರಿಯಾದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭವಾಯಿತು. ಇಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇರುವ ಸಂಘಗಳು ಒಂದು ಕೋಟಿಗೂ ಮಿಕ್ಕಿ.

ಇದರ ಕ್ರಮ ನೋಡಿ: ಮೊದಲು ಉಳಿತಾಯ, ನಂತರ ಆಂತರಿಕ ಸಾಲ, ಅದು ಸರಿಯಾಗಿ ನಡೆದ ಮೇಲೆ ಬ್ಯಾಂಕ್ ಸಾಲ. ನಂತರ ಬಂದ ಅನೇಕ ಕಿರುಸಾಲ ಕಂಪನಿಗಳು ಈ ಕ್ರಮವನ್ನು ಬಿಟ್ಟವು. ಉಳಿತಾಯವಿಲ್ಲ, ನೇರ ಸಾಲ, ವಾರದ ಕಂತು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಇದು ವಿಪರೀತಕ್ಕೆ ಹೋಗಿ, ಆತ್ಮಹತ್ಯೆಗಳ ಸುದ್ದಿ ಬಂದು, ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ರಾಜ್ಯದಲ್ಲಿಯೂ ವಸೂಲಿಯ ಕಿರುಕುಳ ತಾಳಲಾರದೆ ಜನ ಮನೆ ಬಿಟ್ಟು ಹೋದದ್ದನ್ನು ಕಂಡೆವು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿ ಹೇಳಿತು.

ಕಿರುಸಾಲದಿಂದ ಬಡತನ ಹೋಗುತ್ತದೆಯೇ ಎಂದು ಸಂಶೋಧಕರೂ ನೋಡಿದ್ದಾರೆ. ಹೈದರಾಬಾದಿನ ಬಡ ಬಡಾವಣೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲೇ ವ್ಯಾಪಾರ ಇದ್ದವರು ಅದಕ್ಕೆ ಹೆಚ್ಚು ಬಂಡವಾಳ ಹಾಕಿದರು. ಆದರೆ ಸರಾಸರಿ ಮನೆಯ ಜೀವನಮಟ್ಟದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಸಾಲ ಕೊಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಕಾರ್ಯಕರ್ತರು ವೇದಿಕೆಯಲ್ಲಿ ಹೇಳಿದ್ದುಂಟು. ನಾನೂ ಹೇಳಿದ್ದೇನೆ. ಇನ್ನು ಮುಂದೆ ಅಷ್ಟು ಸುಲಭವಾಗಿ ಹೇಳಲಾರೆ.

ನಾಲ್ಕು ಸಾಲದ ಲೆಕ್ಕ

ಸಭೆಯಲ್ಲಿ ಪ್ರಶ್ನೆ ಕೇಳಿದ ಸಹೋದರಿಯ ಮನೆಗೆ ಮರುವಾರ ನೋಟು ಪುಸ್ತಕ ಹಿಡಿದು ಹೋದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೂರು ಪ್ರಶ್ನೆಗಳನ್ನೂ ಪ್ರತಿ ಸಾಲಕ್ಕೆ ಕೇಳಿದೆವು.

ಮೊದಲ ಸಾಲ ಸಂಘದ್ದು, ಹಸುವಿಗೆ. ಹಸು ಹಾಲು ಕೊಡುತ್ತಿದೆ, ಸಾಲ ಮುಗಿಯುತ್ತಾ ಬಂದಿದೆ. ಎರಡನೆಯದು ಒಂದು ಕಂಪನಿಯದ್ದು, ಮಗಳ ಮದುವೆಗೆ. ಅದರಿಂದ ಆದಾಯ ಬರುವುದಿಲ್ಲ. ಮೂರನೆಯದು ಎರಡನೆಯದರ ಕಂತು ಕಟ್ಟಲು. ನಾಲ್ಕನೆಯದು ಮೂರನೆಯದರ ಕಂತು ಕಟ್ಟಲು. ಡೇರಿಯ ಹಣ ಬರುವುದು ಹದಿನೈದು ದಿನಕ್ಕೊಮ್ಮೆ, ಕಂತು ಕಟ್ಟಬೇಕಾದದ್ದು ಪ್ರತಿ ವಾರ. ಡೇರಿಯ ಹಣ ಇಲ್ಲದ ವಾರದಲ್ಲಿ ಕೈಗಡ. ಮನೆಯ ತಿಂಗಳ ಆದಾಯ 18,000, ಕಂತುಗಳು ಒಟ್ಟು 11,200. ಲೆಕ್ಕ ಕೂಡಿಸಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಂತರ, "ಹಾಗಾದ್ರೆ ನಾನೂ ಬ್ಯಾಂಕಾಕಿನವರ ಹಾಗೇ ಮಾಡಿದ್ದಲ್ವಾ ಸಿಸ್ಟರ್?" ಅಂದರು. ಸಭೆಯಲ್ಲಿ ಹೇಳಿದ ಕಥೆ ಅವರಿಗೆ ನೆನಪಿತ್ತು.

ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಕೊಡುವಾಗ ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಇವರದ್ದು ಅರ್ಧ ದಾಟಿತ್ತು. ಅವಧಿಗೆ ಮೊದಲೇ ಕಿರುಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದೂ ನಿಯಮವಿದೆ. ಸಂಘ ಸಭೆ ಸೇರಿ ಠರಾವು ಮಾಡಿತು. ಮೂರನೆಯ, ನಾಲ್ಕನೆಯ ಸಾಲದ ಬಾಕಿಯನ್ನು ಸಂಘದ ಹಣದಿಂದ ತೀರಿಸಿ, ಅದರ ಬದಲು ಸಂಘಕ್ಕೆ ತಿಂಗಳಿಗೆ ಎರಡು ಕಂತು, ಡೇರಿಯ ಹಣ ಬರುವ ದಿನವೇ. ಒಂದು ಷರತ್ತು: ಇದು ಮುಗಿಯುವವರೆಗೆ ಹೊರಗೆ ಹೊಸ ಸಾಲ ಇಲ್ಲ. ಅವರ ಕಷ್ಟ ಮುಗಿದಿಲ್ಲ. ಇನ್ನೂ ಎರಡು ವರ್ಷ ಬಿಗಿಯಾಗಿಯೇ ಇರಬೇಕು. ಆದರೆ ಸಾಲಕ್ಕೆ ಸಾಲ ಮಾಡುವುದು ನಿಂತಿದೆ.

ಆ ಹಣ ಎಲ್ಲಿಂದ ಬಂತು ಗೊತ್ತಾ? ಹದಿನೆಂಟು ಸದಸ್ಯೆಯರು ಹತ್ತು ವರ್ಷ ಕಟ್ಟಿದ ವಾರದ ಉಳಿತಾಯದಿಂದ. ಅದರಲ್ಲಿ ಅವರ ಐವತ್ತು ರೂಪಾಯಿಯೂ ಇತ್ತು.

ಬಡ್ಡಿಯ ಬಗ್ಗೆ ಒಂದು ಎಚ್ಚರಿಕೆ

"ತಿಂಗಳಿಗೆ ಒಂದೂವರೆ ಪರ್ಸೆಂಟ್ ಮಾತ್ರ" ಎಂದು ಯಾರಾದರೂ ಹೇಳಿದರೆ, "ಯಾವುದರ ಮೇಲೆ? ಉಳಿದ ಬಾಕಿಯ ಮೇಲೋ, ಮೊದಲಿನ ಪೂರ್ತಿ ಅಸಲಿನ ಮೇಲೋ?" ಎಂದು ಕೇಳಿ. 12,000 ರೂಪಾಯಿಯನ್ನು 12 ತಿಂಗಳ ಕಂತಿನಲ್ಲಿ ತೀರಿಸುವಾಗ ಪೂರ್ತಿ ಅಸಲಿನ ಮೇಲೆ ಶೇ. 1.5 ಎಂದರೆ ಬಡ್ಡಿ 2,160. ಆದರೆ ತಿಂಗಳು ತಿಂಗಳು ನೀವು ಅಸಲು ಕಟ್ಟುತ್ತಾ ಹೋಗುವುದರಿಂದ, ಸರಾಸರಿ ಆರೂವರೆ ಸಾವಿರ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ನಿಜವಾದ ಬಡ್ಡಿ ವರ್ಷಕ್ಕೆ ಶೇ. 18 ಅಲ್ಲ, ಶೇ. 30ಕ್ಕೂ ಮಿಕ್ಕಿ. ಉಳಿದ ಬಾಕಿಯ ಮೇಲೆ ಬಡ್ಡಿ ಹಾಕಿದರೆ ಅದೇ ಸಾಲಕ್ಕೆ ಸುಮಾರು 1,200 ಸಾಕು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಈಗ ಇರುವ ಸಾಲಗಳಲ್ಲಿ ಎಷ್ಟು ದುಡಿಮೆಗೆ ಹೋಗಿವೆ, ಎಷ್ಟು ಹಳೆಯ ಸಾಲ ತೀರಿಸಲು ಹೋಗಿವೆ?

2. ಸದಸ್ಯೆಯರ ಆದಾಯ ಬರುವ ದಿನಕ್ಕೂ ಕಂತಿನ ದಿನಕ್ಕೂ ಹೊಂದಾಣಿಕೆ ಇದೆಯೇ? ಇಲ್ಲದಿದ್ದರೆ ಯಾವುದನ್ನು ಬದಲಾಯಿಸಬಹುದು?

3. ಹೊರಗಿನ ಸಾಲ ಎಷ್ಟಿದೆ ಎಂದು ಸಂಘದಲ್ಲಿ ಹೇಳಿಕೊಳ್ಳುವ ಧೈರ್ಯ ನಮ್ಮಲ್ಲಿ ಇದೆಯೇ? ಹೇಳಿದವರನ್ನು ನೋಡಿ ನಾವು ನಗುತ್ತೇವೆಯೇ, ಅಥವಾ ಲೆಕ್ಕ ಪುಸ್ತಕ ತೆಗೆಯುತ್ತೇವೆಯೇ?

ಮೂರನೆಯ ಪ್ರಶ್ನೆಯಿಂದಲೇ ಆರಂಭಿಸಿದರೆ ಒಳ್ಳೆಯದು. ಆ ದಿನ ಸಭೆಯಲ್ಲಿ ಎದ್ದು ನಿಂತ ಸಹೋದರಿ ಅಷ್ಟು ಜನರ ಮುಂದೆ ಬಾಯಿ ಬಿಡದೇ ಇದ್ದಿದ್ದರೆ, ಅವರ ಐದನೆಯ ಸಾಲ ಈಗಾಗಲೇ ಶುರುವಾಗಿರುತ್ತಿತ್ತು.